ಪರಿಹಾರದ ಚೆಕ್ಕಿನ ಆಚೆಗೆ: ಕಾರ್ಮಿಕ ಸಂಘಗಳ ಪದಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಗೆ,
ಕರ್ನಾಟಕದ ಕೇಂದ್ರ ಕಾರ್ಮಿಕ ಸಂಘಟನೆಗಳ ಹಾಗೂ ಕಾರ್ಖಾನೆ ಮಟ್ಟದ ಸಂಘಗಳ ಪದಾಧಿಕಾರಿಗಳಿಗೆ

ಮಾನ್ಯರೇ,

ಇಂಥ ಪತ್ರಗಳನ್ನು ಕಾರ್ಮಿಕ ಸಚಿವರಿಗೋ ಕಾರ್ಮಿಕ ಆಯುಕ್ತರಿಗೋ ಬರೆಯುವುದು ವಾಡಿಕೆ. ನಾನೂ ಅಂಥ ಮನವಿಗಳನ್ನು ಬೇಕಾದಷ್ಟು ಬರೆದಿದ್ದೇನೆ, ಅವುಗಳ ಪ್ರತಿಗಳನ್ನು ಫೈಲಿಗೆ ಪೋಣಿಸಿಯೂ ಇಟ್ಟಿದ್ದೇನೆ. ಈ ಸಲ ನಿಮಗೇ ಬರೆಯುತ್ತಿದ್ದೇನೆ. ಕೆಲಸ ಮಾಡುವಾಗ ಅಂಗವಿಕಲರಾದ ಕಾರ್ಮಿಕರನ್ನು ಮತ್ತೆ ಕೆಲಸಕ್ಕೆ ಕರೆತಂದು, ಉಳಿಸಿಕೊಂಡು, ಅವರ ಸಂಬಳಕ್ಕೂ ಮರ್ಯಾದೆಗೂ ಕುಂದು ಬಾರದಂತೆ ನೋಡಿಕೊಳ್ಳುವ ವಿಷಯದಲ್ಲಿ ಸರ್ಕಾರದ ಆದೇಶಕ್ಕೆ ಕಾಯದೆ ಸಂಘಗಳೇ ಮಾಡಬಹುದಾದ ಕೆಲಸ ಬಹಳ ಇದೆ. ಅದನ್ನು ನಾವು ಮಾಡಲಿಲ್ಲ. ನಾವು ಎನ್ನುವಾಗ ಹನ್ನೆರಡು ವರ್ಷ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದ ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

1996ರಲ್ಲಿ ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ (ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ವಿಭಾಗದಲ್ಲಿ) ನನ್ನ ಎಡಗೈಯ ಮೂರು ಬೆರಳು ಹೋದವು. ಎರಡೂ ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಡೈ, ಅಂದರೆ ಲೋಹವನ್ನು ಒತ್ತುವ ಅಚ್ಚು, ಇಳಿಯಬೇಕಾಗಿದ್ದ ಯಂತ್ರ ಅದು. ಆ ಬಟನ್ನುಗಳಿಂದ ಉತ್ಪಾದನೆ ನಿಧಾನವಾಗುತ್ತದೆಂದು ಅವುಗಳನ್ನು ಬದಿಗಿಟ್ಟು ಕಾಲಿನ ಪೆಡಲ್ ಜೋಡಿಸಿದ್ದರು. ಜೋಡಿಸಿದ್ದು ಆಡಳಿತ ಮಂಡಳಿಯಾದರೂ ಇನ್ಸೆಂಟಿವ್ ಆಸೆಗೆ ಸುಮ್ಮನಿದ್ದವರು ನಾವೇ. ಅಪಘಾತವಾದ ದಿನ ಸಂಘ ಮಾಡಬೇಕಾದದ್ದನ್ನೆಲ್ಲ ಮಾಡಿತು. ಆಸ್ಪತ್ರೆಗೆ ನಾಲ್ಕು ಜನ ಬಂದರು, ಅಪಘಾತದ ವರದಿ ಬರೆಸಿದರು, ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಗದಗಳನ್ನು ಓಡಾಡಿ ಸರಿಮಾಡಿಸಿದರು, ಗೇಟಿನಲ್ಲಿ ಒಂದು ಸಭೆಯೂ ನಡೆಯಿತು. ಆ ಋಣ ನನ್ನ ಮೇಲಿದೆ.

ಕಾನೂನು ಬೆರಳು ಬೆರಳಿಗೂ ಲೆಕ್ಕ ಇಟ್ಟಿದೆ ಎಂಬುದು ನಿಮಗೆ ಗೊತ್ತೇ ಇದೆ. ಹೆಬ್ಬೆರಳಿಗೆ ಶೇ 30, ಇಡೀ ತೋರುಬೆರಳಿಗೆ ಶೇ 14, ಒಂದು ಕೈಯ ಮೂರು ಬೆರಳಿಗೆ ಶೇ 30, ನಾಲ್ಕಕ್ಕೆ ಶೇ 50 ಎಂದು ಗಳಿಕೆಯ ಶಕ್ತಿಯ ನಷ್ಟವನ್ನು ಕಾಯ್ದೆಯ ಪಟ್ಟಿಯಲ್ಲಿ ನಮೂದಿಸಲಾಗಿದೆ. ಇಎಸ್‌ಐ ವ್ಯಾಪ್ತಿಯಲ್ಲಿರುವ ಕಾರ್ಮಿಕನಿಗೆ ಗುಣವಾಗುವವರೆಗೆ ಸರಾಸರಿ ದಿನಗೂಲಿಯ ಶೇ 90ರಷ್ಟು ಸಿಗುತ್ತದೆ. ಶಾಶ್ವತ ಊನವಾದರೆ ಆ ಮೊತ್ತದಲ್ಲಿ ನಷ್ಟದ ಪ್ರಮಾಣಕ್ಕೆ ತಕ್ಕಷ್ಟು ಜೀವನಪರ್ಯಂತ ಸಿಗುತ್ತದೆ. ಇಂದಿನ ಲೆಕ್ಕದಲ್ಲಿ ದಿನಕ್ಕೆ 600 ರೂಪಾಯಿ ದುಡಿಯುವವನು ಮೂರು ಬೆರಳು ಕಳೆದುಕೊಂಡರೆ ಅವನಿಗೆ ಬರುವುದು ದಿನಕ್ಕೆ 162 ರೂಪಾಯಿ. ಅಷ್ಟಾದರೂ ಬರುವುದಕ್ಕೆ ಈ ದೇಶದ ಕಾರ್ಮಿಕ ಚಳವಳಿ ಎಷ್ಟು ದುಡಿದಿದೆ ಎಂಬುದನ್ನು ನಾನು ಮರೆತಿಲ್ಲ. ಆದರೆ ಈ ಪಟ್ಟಿಯಲ್ಲಿ ಇಲ್ಲದ ಒಂದು ಪ್ರಶ್ನೆ ಇದೆ. ಫಿಟ್‌ನೆಸ್ ಸರ್ಟಿಫಿಕೇಟ್ ಹಿಡಿದು ಆ ಕಾರ್ಮಿಕ ಗೇಟಿನೊಳಗೆ ಬಂದ ದಿನ ಅವನನ್ನು ಎಲ್ಲಿ ನಿಲ್ಲಿಸಬೇಕು, ಯಾವ ಕೆಲಸ ಕೊಡಬೇಕು, ಎಷ್ಟು ಸಂಬಳಕ್ಕೆ ಕೊಡಬೇಕು?

ನನ್ನನ್ನು ಸ್ಟೋರ್ಸಿಗೆ ಹಾಕಿದರು. ಅಲ್ಲಿ ಇನ್ಸೆಂಟಿವ್ ಇರಲಿಲ್ಲ, ಓಟಿ ಇರಲಿಲ್ಲ. ಮನೆಗೆ ಒಯ್ಯುವ ಸಂಬಳ ಮೂರನೇ ಒಂದು ಪಾಲಿನಷ್ಟು ಇಳಿಯಿತು. ಸಂಘಕ್ಕೆ ಹೋಗಿ ಹೇಳಿದರೆ, ಕೆಲಸವಂತೂ ಉಳಿದಿದೆಯಲ್ಲ ಎಂದರು. ಅದಕ್ಕಿಂತ ಕಷ್ಟವಾದದ್ದು ಜೊತೆಯವರ ಮಾತು. ಸ್ಟೋರ್ಸಿನ ಕೆಲಸ ಆರಾಮದ್ದೆಂದು ಹತ್ತು ವರ್ಷದಿಂದ ಕಾದು ಕೂತಿದ್ದ ಹಿರಿಯ ಕಾರ್ಮಿಕರಿದ್ದರು. ಅವರ ಸರದಿ ತಪ್ಪಿಸಿ ನಾನು ಬಂದೆನೆಂಬ ಸಿಟ್ಟು ಅವರಿಗಿತ್ತು, ಅದು ಅನ್ಯಾಯದ ಸಿಟ್ಟೇನೂ ಆಗಿರಲಿಲ್ಲ. ಲೈಟ್ ಡ್ಯೂಟಿ ಯಾರಿಗೆ, ಯಾವ ನಿಯಮದ ಮೇಲೆ ಎಂದು ಎಲ್ಲೂ ಬರೆದಿರಲಿಲ್ಲ. ಬರೆಯದೇ ಇದ್ದದ್ದರಿಂದ ಅದು ಸೂಪರ್‌ವೈಸರನ ಕೃಪೆಯಾಗಿತ್ತು, ಕೆಲವೊಮ್ಮೆ, ಹೇಳಲೇಬೇಕಲ್ಲ, ಸಂಘದ ಕಾರ್ಯದರ್ಶಿಯ ಕೃಪೆಯೂ ಆಗಿತ್ತು.

ಎರಡನೆಯ ಸಂಗತಿಯನ್ನು ಬರೆಯುವುದು ನನಗೆ ಕಷ್ಟ. 2009ರಲ್ಲಿ ನಾನು ಸಮಿತಿಯ ಸದಸ್ಯನಾಗಿದ್ದಾಗ ನಮ್ಮ ಟೂಲ್ ರೂಮಿನ ಒಬ್ಬ ಸೆಟ್ಟರ್ (ಯಂತ್ರಕ್ಕೆ ಡೈ ಜೋಡಿಸಿ ಹೊಂದಿಸುವವನು) ಡೈ ಎತ್ತುವಾಗ ಸೊಂಟ ಹಿಡಿದು ಕುಸಿದ. ರಕ್ತ ಬರಲಿಲ್ಲ, ಬೆರಳು ಹೋಗಲಿಲ್ಲ, ಹಾಗಾಗಿ ಅಪಘಾತದ ವರದಿಯನ್ನೂ ಯಾರೂ ಬರೆಯಲಿಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳ ಮೇಲೆ ಅವನು ಮರಳಿದಾಗ ಎಂಟು ಗಂಟೆ ನಿಲ್ಲುವುದು ಅವನಿಂದ ಆಗುತ್ತಿರಲಿಲ್ಲ. ಕೂತು ಮಾಡುವ ಕೆಲಸ ಇಲ್ಲವೆಂದು ಆಡಳಿತ ಹೇಳಿತು. ಇನ್‌ಸ್ಪೆಕ್ಷನ್ ಟೇಬಲ್ಲಿನ ಮುಂದೆ ಮೂರು ಕುರ್ಚಿಗಳಿದ್ದವು, ನಾವು ಅದನ್ನು ಕೇಳಲಿಲ್ಲ. ಅದು ಕೆಲಸದಲ್ಲೇ ಆದ ಗಾಯವೆಂದು ತೋರಿಸಲು ನಮ್ಮಲ್ಲಿ ಒಂದು ಚೀಟಿಯೂ ಇರಲಿಲ್ಲ. ನಿರಂತರ ಅನಾರೋಗ್ಯದ ಕಾರಣಕ್ಕೆ ಸೇವೆಯಿಂದ ತೆಗೆದರೆ ಅದು ರಿಟ್ರೆಂಚ್‌ಮೆಂಟ್ (ಕಾನೂನಿನ ರಕ್ಷಣೆಯಿರುವ ಕೆಲಸದ ಕಡಿತ) ಆಗುವುದಿಲ್ಲ ಎಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ವ್ಯಾಖ್ಯೆಯೇ ಹೇಳುತ್ತಿತ್ತು, ಅದನ್ನು ಆಡಳಿತದ ವಕೀಲರು ಓದಿ ಹೇಳಿದರು. ಕೊನೆಗೆ ಒಂದಷ್ಟು ಹೆಚ್ಚು ಹಣ ಕೊಡಿಸಿ ಫುಲ್ ಅಂಡ್ ಫೈನಲ್ ಮಾಡಿಸಿದೆವು, ಅಂದರೆ ಲೆಕ್ಕ ತೀರಿಸಿ ಕೆಲಸ ಬಿಡಿಸಿದೆವು. ಒಳ್ಳೆಯ ಸೆಟ್ಲ್‌ಮೆಂಟ್ ಎಂದು ಸಮಿತಿಯ ಸಭೆಯಲ್ಲಿ ಮೆಚ್ಚುಗೆಯೂ ವ್ಯಕ್ತವಾಯಿತು. ಅವನಿಗೆ ಆಗ 38 ವರ್ಷ. ಆ ಕಾಗದದ ಮೇಲೆ ಸಾಕ್ಷಿಯಾಗಿ ನನ್ನ ಸಹಿ ಇದೆ.

ಸಂಘಗಳು ಅಂಗವಿಕಲ ಕಾರ್ಮಿಕರನ್ನು ಕೈಬಿಟ್ಟಿವೆ ಎಂಬುದು ನನ್ನ ದೂರಲ್ಲ. ನಾವು ಅವರ ಪಾಲಿಗೆ ಹಣದ ಚೌಕಾಸಿ ಮಾಡಿದೆವು, ಆದರೆ ಕೆಲಸದ ಚೌಕಾಸಿ ಮಾಡಲಿಲ್ಲ ಎಂಬುದು ನನ್ನ ದೂರು. ಹೋರಾಡಿ ಪಡೆದ ಪರಿಹಾರದ ಚೆಕ್ಕು ಎಷ್ಟೋ ಸಲ ಆ ಕಾರ್ಮಿಕನನ್ನು ಮರ್ಯಾದೆಯಿಂದ ಹೊರಗೆ ಕಳಿಸುವ ಗೇಟ್ ಪಾಸ್ ಆಯಿತು.

ಕಾನೂನು ಇದೆಯಲ್ಲ ಎಂದು ನೀವು ಕೇಳಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ನಿನ ನಾಲ್ಕನೇ ಉಪವಿಧಿ ನಿಜಕ್ಕೂ ಗಟ್ಟಿಯಾದದ್ದು. ಸೇವೆಯಲ್ಲಿರುವಾಗ ಅಂಗವಿಕಲನಾದ ನೌಕರನನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇದ್ದ ಹುದ್ದೆ ಮಾಡಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು, ಅಂಥ ಹುದ್ದೆ ಇಲ್ಲದಿದ್ದರೆ ಅದು ದೊರೆಯುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯೊಂದರಲ್ಲಿ ಇರಿಸಿಕೊಳ್ಳಬೇಕು. ಇದಕ್ಕೆ ಮೊದಲಿದ್ದ 1995ರ ಕಾಯ್ದೆಯ 47ನೇ ಸೆಕ್ಷನ್ನಿನಲ್ಲೂ ಇದೇ ರಕ್ಷಣೆ ಇತ್ತು, ಕಾಲು ಕಳೆದುಕೊಂಡ ಒಬ್ಬ ಕಾನ್‌ಸ್ಟೇಬಲ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಆ ಉಪವಿಧಿಯ ಮೊದಲ ಮಾತನ್ನು ಗಮನಿಸಿ: ಅದು ಸರ್ಕಾರಿ ಸಂಸ್ಥೆಗಳಿಗೆ ಹೇಳಿದ್ದು. ಸರ್ಕಾರಿ ಸಾರಿಗೆ ನಿಗಮದ ಚಾಲಕನಿಗೆ ಇರುವ ಆ ಬೇಲಿ ಪೀಣ್ಯದ, ಬೊಮ್ಮಸಂದ್ರದ, ಬಿಡದಿಯ, ಹುಬ್ಬಳ್ಳಿಯ ಗೋಕುಲ ರಸ್ತೆಯ ಖಾಸಗಿ ಕಾರ್ಖಾನೆಯ ಕಾರ್ಮಿಕನಿಗೆ ಇಲ್ಲ. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯೊಂದನ್ನು ಪ್ರಕಟಿಸಬೇಕೆಂದು 21ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಕಾರ್ಖಾನೆಯ ನೀತಿಯನ್ನು ನೀವು ಎಂದಾದರೂ ಕೇಳಿ ಪಡೆದು ಓದಿದ್ದೀರಾ?

ಇನ್ನೂ ಒಂದು ಸಂದು ಇದೆ. ಉದ್ಯೋಗ ಮೀಸಲಾತಿಯಂಥ ಸೌಲಭ್ಯಗಳಿಗೆ ಶೇ 40ರಷ್ಟು ಅಂಗವೈಕಲ್ಯ ಇರಬೇಕು, ಆ ಅಳತೆಯ ವಿಧಾನವೂ ಇಎಸ್‌ಐ ವೈದ್ಯಕೀಯ ಮಂಡಳಿ ಗಳಿಕೆಯ ನಷ್ಟವನ್ನು ಅಳೆಯುವ ವಿಧಾನವೂ ಬೇರೆ ಬೇರೆ. ಪ್ರೆಸ್ಸಿನಲ್ಲಿ ಎರಡು ಬೆರಳು ಕಳೆದುಕೊಂಡವನು ಪ್ರೆಸ್ ನಡೆಸುವುದಕ್ಕೆ ಅನರ್ಹ, ಆದರೆ ಆ ಸೌಲಭ್ಯಗಳನ್ನು ಪಡೆಯುವಷ್ಟು ಅಂಗವಿಕಲನೂ ಅಲ್ಲ. ಶಬ್ದದಿಂದ ಕಿವಿ ಮಂದವಾದವರು, ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಸೊಂಟ ಹೋದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ರಾತ್ರಿ ಪಾಳಿಯಲ್ಲಿ ಖಿನ್ನತೆಗೆ ಜಾರಿದವರು, ಇವರಲ್ಲಿ ಎಷ್ಟೋ ಜನ ಎರಡು ಕಾಯ್ದೆಗಳ ನಡುವೆ ಬಿದ್ದುಹೋಗುತ್ತಾರೆ. ಹಾಗೆ ಬಿದ್ದವರನ್ನು ಎತ್ತುವುದಕ್ಕೆ ಸಂಘ ಮಾಡಿಕೊಂಡ ಒಪ್ಪಂದ ಬಿಟ್ಟರೆ ಬೇರೆ ಸಾಧನ ನನಗೆ ಕಾಣುವುದಿಲ್ಲ.

ಇದು ನನ್ನ ಊಹೆಯಲ್ಲ ಎನ್ನುವುದಕ್ಕೆ ನಮ್ಮ ನೆರೆಯ ರಾಜ್ಯದ ಪ್ರಕರಣವೊಂದು ಸಾಕ್ಷಿಯಾಗಿದೆ. ತೆಲಂಗಾಣ ರಸ್ತೆ ಸಾರಿಗೆ ನಿಗಮದ ಒಬ್ಬ ಚಾಲಕನಿಗೆ ಬಣ್ಣಗುರುಡು ಇದೆಯೆಂದು ತಿಳಿದು 2016ರ ಜನವರಿಯಲ್ಲಿ ಅವನನ್ನು ಸೇವೆಯಿಂದ ಇಳಿಸಲಾಯಿತು. ಬಣ್ಣಗುರುಡು ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಹೆಸರಿಸಿದ ಅಂಗವೈಕಲ್ಯವಲ್ಲ. ಅವನ ಕೈಹಿಡಿದದ್ದು 1979ರಲ್ಲಿ ಅವಿಭಜಿತ ಆಂಧ್ರದ ಸಾರಿಗೆ ನಿಗಮದೊಂದಿಗೆ ಸಂಘಗಳು ಮಾಡಿಕೊಂಡಿದ್ದ ಒಪ್ಪಂದದ 14ನೇ ಕಲಮು. ಬಣ್ಣಗುರುಡು ಕಂಡುಬಂದ ಚಾಲಕನಿಗೆ ಸಂಬಳಕ್ಕೆ ಧಕ್ಕೆಯಿಲ್ಲದೆ ಬೇರೆ ಕೆಲಸ ಕೊಡಬೇಕೆಂದು ಅದರಲ್ಲಿತ್ತು. 1986ರ ಇನ್ನೊಂದು ಒಪ್ಪಂದವನ್ನು ನಿಗಮ ಮುಂದಿಟ್ಟರೂ 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹಳೆಯ ಕಲಮು ಇನ್ನೂ ಬದ್ಧವೆಂದು ಹೇಳಿ, ಎಂಟು ವಾರಗಳೊಳಗೆ ಅವನಿಗೆ ಹೊಂದುವ ಹುದ್ದೆಯನ್ನು ಅದೇ ವೇತನ ದರ್ಜೆಯಲ್ಲಿ ಕೊಡಬೇಕೆಂದೂ ಬಾಕಿ ವೇತನದ ಶೇ 25ರಷ್ಟನ್ನು ಪಾವತಿಸಬೇಕೆಂದೂ ಆದೇಶಿಸಿತು. 1979ರಲ್ಲಿ ಆ ಮೇಜಿನ ಸುತ್ತ ಕೂತು, ಡಿಎ ಮತ್ತು ಬೋನಸ್ಸಿನ ಜಗಳದ ನಡುವೆಯೂ ಇಂಥದ್ದೊಂದು ಕಲಮು ಸೇರಿಸಿ ಎಂದು ಪಟ್ಟು ಹಿಡಿದ ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ. 46 ವರ್ಷದ ಮೇಲೆ, ಅವನು ಎಂದೂ ನೋಡಿರದ ಒಬ್ಬ ಚಾಲಕನ ಮನೆಯಲ್ಲಿ ಅದು ಒಲೆ ಹೊತ್ತಿಸಿತು. ನಮ್ಮ ಕಾರ್ಖಾನೆಯ ಆರು ವೇತನ ಒಪ್ಪಂದಗಳನ್ನು ನಾನು ತೆಗೆದು ನೋಡಿದೆ. ಕ್ಯಾಂಟೀನಿನ ಸಿಹಿತಿಂಡಿಗೆ ಒಂದು ಕಲಮಿದೆ, ದೀಪಾವಳಿಯ ಉಡುಗೊರೆಗೆ ಒಂದು ಕಲಮಿದೆ. ಗಾಯಗೊಂಡವನು ಮರಳಿ ಬರುವುದರ ಬಗ್ಗೆ ಒಂದು ಸಾಲೂ ಇಲ್ಲ.

ಹೊರದೇಶಗಳಲ್ಲಿ ಇದು ಹೊಸ ಮಾತಲ್ಲ. ಕೆಲಸದ ಸ್ಥಳದಲ್ಲಿ ಅಂಗವೈಕಲ್ಯದ ನಿರ್ವಹಣೆಯ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2001ರಲ್ಲೇ ಸಂಹಿತೆಯೊಂದನ್ನು ಒಪ್ಪಿಕೊಂಡು ಅದರಲ್ಲಿ ಮಾಲೀಕರ ಹೊಣೆಯ ಜೊತೆಗೆ ಕಾರ್ಮಿಕ ಸಂಘಗಳ ಹೊಣೆಯನ್ನೂ ಬಿಡಿಸಿ ಹೇಳಿತು. ಜರ್ಮನಿಯಲ್ಲಿ ಯಾವುದೇ ಕೆಲಸಗಾರ ವರ್ಷದಲ್ಲಿ ಆರು ವಾರಕ್ಕಿಂತ ಹೆಚ್ಚು ಕಾಲ ಕಾಯಿಲೆಯಿಂದ ಗೈರಾದರೆ, ಅವನು ಒಪ್ಪಿದಲ್ಲಿ, ಮಾಲೀಕರು ಕಾರ್ಮಿಕರ ಪ್ರತಿನಿಧಿಗಳನ್ನು ಜೊತೆಗೆ ಕೂರಿಸಿಕೊಂಡು ಅವನನ್ನು ಕೆಲಸಕ್ಕೆ ಮರಳಿಸುವ ದಾರಿಯನ್ನು ಚರ್ಚಿಸಲೇಬೇಕು. ತೀವ್ರ ಅಂಗವೈಕಲ್ಯವುಳ್ಳ ಐದು ಜನ ಇರುವ ಕಡೆ ಅವರು ತಮ್ಮದೇ ಪ್ರತಿನಿಧಿಯನ್ನು ಚುನಾಯಿಸಿಕೊಳ್ಳುತ್ತಾರೆ. ಕೆನಡಾದ ಸುಪ್ರೀಂ ಕೋರ್ಟ್ 1992ರಲ್ಲಿ ಕೊಟ್ಟ ತೀರ್ಪೊಂದು ನಮ್ಮಂಥವರಿಗೆ ಇನ್ನೂ ಹತ್ತಿರದ್ದು. ಶಾಲೆಯೊಂದರ ಸಿಬ್ಬಂದಿಯ ಧಾರ್ಮಿಕ ಆಚರಣೆಗೆ ಹೊಂದುವಂತೆ ಪಾಳಿ ಬದಲಿಸಲು ಆಡಳಿತ ಸಿದ್ಧವಿತ್ತು, ಒಪ್ಪಂದ ಮುರಿಯುತ್ತದೆಂದು ಸಂಘವೇ ಅಡ್ಡ ನಿಂತಿತು. ಹೊಂದಾಣಿಕೆ ಮಾಡಿಕೊಡುವ ಹೊಣೆ ಮಾಲೀಕರದಷ್ಟೇ ಅಲ್ಲ, ಸಂಘದ್ದೂ ಹೌದು ಎಂದು ನ್ಯಾಯಾಲಯ ಹೇಳಿತು. ಅಂಗವಿಕಲರ ಪ್ರಕರಣಗಳಲ್ಲೂ ಅಲ್ಲಿ ಇಂದು ಅದೇ ತತ್ವ ನಡೆಯುತ್ತದೆ. ನನ್ನ ಸ್ಟೋರ್ಸಿನ ಕಥೆಯನ್ನು ಇದರ ಪಕ್ಕ ಇಟ್ಟು ನೋಡಿ: ಸೀನಿಯಾರಿಟಿಯ ನಿಯಮ ಎಲ್ಲಿ ಸಡಿಲವಾಗಬೇಕು, ಎಲ್ಲಿ ಬಾರದು ಎಂಬುದನ್ನು ಕಾರ್ಮಿಕರ ಮುಂದೆ ನಿಂತು ಹೇಳಬಲ್ಲದ್ದು ಆಡಳಿತವಲ್ಲ, ಸಂಘವೇ. ಆಡಳಿತ ಹೇಳಿದರೆ ಅದು ಒಡೆದು ಆಳುವ ತಂತ್ರವಾಗಿ ಕಾಣುತ್ತದೆ. ಸಂಘ ಸರ್ವಸದಸ್ಯರ ಸಭೆಯಲ್ಲಿ ಚರ್ಚಿಸಿ ತೀರ್ಮಾನಿಸಿದರೆ ಅದು ನಮ್ಮದೇ ನಿಯಮವಾಗುತ್ತದೆ.

ಈಗ ಏಕೆ ಬರೆಯುತ್ತಿದ್ದೇನೆ ಎಂಬುದನ್ನೂ ಹೇಳಬೇಕು. 2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳ ವಿರುದ್ಧ ನಿಮ್ಮ ಹೋರಾಟ ನಡೆದಿದೆ, ನಡೆಯಲಿ. ಆದರೆ ಸ್ಥಾಯಿ ಆದೇಶಗಳು (ಕಾರ್ಖಾನೆಯ ಲಿಖಿತ ಸೇವಾ ನಿಯಮಗಳು) ಕಡ್ಡಾಯವಾಗುವ ಕಾರ್ಮಿಕರ ಸಂಖ್ಯೆ ಕೇಂದ್ರ ಕಾಯ್ದೆಯಲ್ಲಿದ್ದ 100ರಿಂದ 300ಕ್ಕೆ ಏರಿದ ಮೇಲೆ, ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಲ್ಲಿ ಬರಹದ ರೂಪದಲ್ಲಿ ಉಳಿಯುವ ನಿಯಮವೆಂದರೆ ಬಹುತೇಕ ನೀವು ಮಾಡಿಕೊಳ್ಳುವ ಒಪ್ಪಂದ ಮಾತ್ರ. ಶೇ 51ರಷ್ಟು ಸದಸ್ಯಬಲವಿರುವ ಸಂಘಕ್ಕೆ ಏಕೈಕ ಸಂಧಾನಕಾರ ಸಂಘದ ಸ್ಥಾನ ಸಿಗುತ್ತದೆ. ಆ ಸ್ಥಾನ ಪಡೆದವರು ಆ 51ರ ಪರವಾಗಿ ಮಾತ್ರವಲ್ಲ, ಉಳಿದವರ ಪರವಾಗಿಯೂ ಮೇಜಿನ ಮುಂದೆ ಕೂರುತ್ತಾರೆ. ಸಂಖ್ಯೆಯೇ ಬಲವಾದ ಕಡೆ ಕೈ ಹೋದವನ, ಕಿವಿ ಹೋದವಳ ದನಿ ಸಣ್ಣದಾಗುವುದು ಸಹಜ, ಹಾಗಾಗಿಯೇ ಈ ಮಾತು.

ಕಾಂಟ್ರಾಕ್ಟ್ ಕಾರ್ಮಿಕರ ವಿಷಯ ಬೇರೆಯೇ ಒಂದು ಪತ್ರ ಬೇಡುತ್ತದೆ. ಇಷ್ಟು ಮಾತ್ರ ಹೇಳುತ್ತೇನೆ: ಇಂದು ಪ್ರೆಸ್ಸಿನ ಮುಂದೆ ನಿಂತಿರುವವರಲ್ಲಿ ಖಾಯಂ ಕಾರ್ಮಿಕರು ವಿರಳ, ನಿಂತವರು ಕಲಬುರಗಿಯಿಂದಲೋ ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಹುಡುಗರು. ಅವರಲ್ಲಿ ಕೆಲವರಿಗೆ ಇಎಸ್‌ಐ ನಂಬರು ಸಿಗುವುದು ಅಪಘಾತವಾದ ಮೇಲೆಯೇ. ಬೆರಳು ಹೋದ ಹುಡುಗ ಬ್ಯಾಂಡೇಜು ಬಿಚ್ಚುವ ಮೊದಲೇ ಊರಿನ ರೈಲು ಹತ್ತಿರುತ್ತಾನೆ, ಯಾವ ರಿಜಿಸ್ಟರಿನಲ್ಲೂ ಅವನ ಹೆಸರು ಇರುವುದಿಲ್ಲ. ಅವನು ಸದಸ್ಯತ್ವದ ಚಂದಾ ಕೊಟ್ಟಿಲ್ಲವೆಂಬುದು ನಿಜ, ಆದರೆ ಅವನ ಕೈ ಹೋದದ್ದು ನಮ್ಮ ಸದಸ್ಯರು ನಿಲ್ಲಲು ಒಪ್ಪದ ಯಂತ್ರದಲ್ಲಿ.

ಮುಂದಿನ ಬೇಡಿಕೆ ಪಟ್ಟಿ ಬರೆಯುವಾಗ, ಸಂಬಳದ ಕಲಮಿನ ಕೆಳಗೆ ಹೀಗೊಂದು ಕಲಮನ್ನು ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ಭಾಷೆ ನನ್ನದು, ವಕೀಲರಿಂದ ತಿದ್ದಿಸಿಕೊಳ್ಳಿ: "ಸೇವೆಯಲ್ಲಿರುವಾಗ ಅಪಘಾತದಿಂದಾಗಲಿ ಕಾಯಿಲೆಯಿಂದಾಗಲಿ ದೇಹಕ್ಕೆ ಅಥವಾ ಮನಸ್ಸಿಗೆ ಊನವಾದ ಯಾವುದೇ ಕಾರ್ಮಿಕನನ್ನು ಅಥವಾ ಕಾರ್ಮಿಕಳನ್ನು ಆ ಕಾರಣಕ್ಕಾಗಿ ಸೇವೆಯಿಂದ ತೆಗೆಯತಕ್ಕದ್ದಲ್ಲ. ಮೂವತ್ತು ದಿನ ಮೀರಿ ಗೈರಾದ ಪ್ರತಿಯೊಬ್ಬರ ವಿಷಯದಲ್ಲೂ ಆಡಳಿತದ ಹಾಗೂ ಸಂಘದ ಸಮಾನ ಸಂಖ್ಯೆಯ ಪ್ರತಿನಿಧಿಗಳಿರುವ ಸಮಿತಿಯು ಅವರೊಂದಿಗೇ ಕುಳಿತು ಮರಳುವ ಯೋಜನೆ ರೂಪಿಸತಕ್ಕದ್ದು. ಹಳೆಯ ಕೆಲಸಕ್ಕೆ ಯಂತ್ರ, ಆಸನ, ವೇಳೆ ಬದಲಿಸಿ ಹೊಂದಿಸಲು ಮೊದಲು ಪ್ರಯತ್ನಿಸತಕ್ಕದ್ದು; ಅದು ಆಗದಿದ್ದರೆ ತರಬೇತಿ ಕೊಟ್ಟು ಬೇರೆ ಕೆಲಸ ಕೊಡತಕ್ಕದ್ದು; ಹಿಂದಿನ 12 ತಿಂಗಳ ಸರಾಸರಿ ಗಳಿಕೆ ಇನ್ಸೆಂಟಿವ್ ಸಹಿತ ಇಳಿಯತಕ್ಕದ್ದಲ್ಲ. ಕಾಂಟ್ರಾಕ್ಟ್ ಕಾರ್ಮಿಕರಿಗೂ ಇದು ಅನ್ವಯಿಸತಕ್ಕದ್ದು." ಆ ಸಮಿತಿಯಲ್ಲಿ ಸಂಘದ ಕಡೆಯಿಂದ ಕೂರುವವರಲ್ಲಿ ಒಬ್ಬರಾದರೂ ಸ್ವತಃ ಗಾಯಗೊಂಡು ಮರಳಿದವರಾಗಿರಲಿ. ಅದೇ ವ್ಯಕ್ತಿ ಸುರಕ್ಷತಾ ಸಮಿತಿಯಲ್ಲೂ ಇದ್ದರೆ ಇನ್ನೂ ಒಳ್ಳೆಯದು, ಯಾವ ಯಂತ್ರದ ಗಾರ್ಡ್ ಬಿಚ್ಚಿಟ್ಟಿದ್ದಾರೆ ಎಂಬುದನ್ನು ಅವರ ಕಣ್ಣು ಮೊದಲು ನೋಡುತ್ತದೆ.

ಆಡಳಿತಗಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ, ಖರ್ಚಿನ ಮಾತು ಎತ್ತುತ್ತವೆ. ಇಪ್ಪತ್ತು ವರ್ಷ ಪಳಗಿದ ಸೆಟ್ಟರನನ್ನು ಕಳೆದುಕೊಂಡು ಹೊಸಬನಿಗೆ ಕಲಿಸುವ ಖರ್ಚಿನ ಲೆಕ್ಕವನ್ನು ನೀವೂ ಮುಂದಿಡಬಹುದು. ನಮ್ಮ ಆ ಗೆಳೆಯ ಹೋದ ಮೇಲೆ ಹೊಸಬರ ಕೈಯಲ್ಲಿ ಡೈ ಸೆಟ್ಟಿಂಗ್ ಸರಿಹೋಗಲು ಒಂದು ವರ್ಷ ಹಿಡಿಯಿತು, ಅಷ್ಟರಲ್ಲಿ ಎಷ್ಟು ಮಾಲು ರಿಜೆಕ್ಟ್ ಆಯಿತೆಂಬುದು ಆಡಳಿತಕ್ಕೇ ಗೊತ್ತು. ಆದರೆ ಲಾಭವಿದೆಯೆಂಬ ಕಾರಣಕ್ಕಷ್ಟೇ ಈ ಬೇಡಿಕೆ ಇಡಬೇಡಿ. ಲಾಭವಿಲ್ಲದ ಕಡೆಯೂ ಇಡಬೇಕಾದ ಬೇಡಿಕೆ ಇದು.

ಈ ಕಲಮಿನ ಬಗ್ಗೆ ಚರ್ಚಿಸಲು ಯಾವುದೇ ಸಂಘ ಕರೆದರೆ ನಾನು ಬರುತ್ತೇನೆ, ಯಾವ ಬಾವುಟದವರು ಕರೆದರೂ ಸರಿ. ನನ್ನ ಜೊತೆಗೆ ಆ ಸೆಟ್ಟರ್ ಗೆಳೆಯನೂ ಬರಲು ಒಪ್ಪಿದ್ದಾನೆ. ಅವನು ಈಗ ಬಾಗಲಗುಂಟೆಯಲ್ಲಿ ಒಂದು ಪುಟ್ಟ ಅಂಗಡಿ ಇಟ್ಟುಕೊಂಡಿದ್ದಾನೆ, ನನ್ನ ಸಹಿಯ ವಿಷಯ ಎತ್ತಿ ಈ ಹದಿನೈದು ವರ್ಷದಲ್ಲಿ ಒಂದು ಮಾತನ್ನೂ ಆಡಿಲ್ಲ. ಒಂದೇ ತೊಂದರೆ ಎಂದರೆ ಅವನಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ನಾನು ನೋಡಿದ ಸಂಘದ ಕಚೇರಿಗಳಲ್ಲಿ ಹೆಚ್ಚಿನವು ಲಿಫ್ಟ್ ಇಲ್ಲದ ಕಟ್ಟಡಗಳ ಮೇಲಿನ ಮಹಡಿಯಲ್ಲಿವೆ. ಸಭೆಯನ್ನು ದಯವಿಟ್ಟು ಕೆಳಗೆ ಇಡಿ, ಬೇರೆ ಜಾಗ ಸಿಗದಿದ್ದರೆ ಎದುರಿನ ಟೀ ಅಂಗಡಿಯಾದರೂ ಆದೀತು.

ಇಂತಿ ನಿಮ್ಮವನೇ ಆದ,
ಪೀಣ್ಯದ ಒಬ್ಬ ನಿವೃತ್ತ ಪ್ರೆಸ್ ಆಪರೇಟರ್